ಗುಂಡಿಗಿಂತ ಬಟ್ಟಲು ಮುಖ್ಯ

ಪ್ರಶ್ನೆ: ನಮ್ಮ ಹಳೆಯ ಮನೆಯ ಮಹಡಿಯ ನೆಲ ಮರದ ಹಲಗೆಯದು. ಯಾರಾದರೂ ನಡೆದಾಡಿದರೆ ರೆಕಾರ್ಡ್ ಪ್ಲೇಯರಿನ ಮುಳ್ಳು ಜಿಗಿಯುತ್ತದೆ. ಮೂರು ಸೌಟುಗಳ ಬಟ್ಟಲನ್ನು ಕತ್ತರಿಸಿ, ಒಂದೊಂದರಲ್ಲಿ ಒಂದು ಬೇರಿಂಗ್ ಗುಂಡನ್ನಿಟ್ಟು, ಮೇಲೆ ಹಲಗೆ ಹಾಸಿ ಪ್ಲೇಯರನ್ನು ಕೂರಿಸಬೇಕೆಂದಿದ್ದೇನೆ. ಕ್ರೋಮ್ ಉಕ್ಕು, ಟಂಗ್‌ಸ್ಟನ್ ಕಾರ್ಬೈಡ್, ಸೆರಾಮಿಕ್, ಇವುಗಳಲ್ಲಿ ಯಾವ ಗುಂಡು ಒಳ್ಳೆಯದು?

ಉತ್ತರ: ಕಾಲ್ನಡಿಗೆಗೆ ಹಲಗೆಯ ನೆಲ ಮುಖ್ಯವಾಗಿ ಮೇಲೆ ಕೆಳಗೆ ಕುಲುಕುತ್ತದೆ. ಉರುಳುವ ಗುಂಡು ತಡೆಯುವುದಾದರೋ ಅಡ್ಡಡ್ಡ ಅಲುಗಾಟವನ್ನು ಮಾತ್ರ. ಲಂಬ ದಿಕ್ಕಿನಲ್ಲಿ ಅದು ಕಲ್ಲಿನಂತೆ ಗಟ್ಟಿ. ಆದ್ದರಿಂದ ಮೊದಲು ಪ್ಲೇಯರನ್ನು ಭದ್ರವಾದ ಗೋಡೆಗೆ ಬಿಗಿದ ಶೆಲ್ಫಿಗೆ ಏರಿಸಿರಿ; ಉಳಿದ ಅಲುಗಾಟಕ್ಕೆ ಗುಂಡುಗಳನ್ನು ಬಳಸಬಹುದು.

ಬಟ್ಟಲಿನಲ್ಲಿ ಉರುಳುವ ಗುಂಡು ಲೋಲಕದಂತೆ ವರ್ತಿಸುತ್ತದೆ. ಮೇಲಿನ ಭಾರ ಎಷ್ಟೇ ಇದ್ದರೂ ಅದರ ತೂಗಾಟದ ಗತಿ ಬದಲಾಗುವುದಿಲ್ಲ, ಇದು ರಬ್ಬರಿಗೂ ಸ್ಪ್ರಿಂಗಿಗೂ ಇಲ್ಲದ ಗುಣ. ಆ ಗತಿಯನ್ನು ನಿರ್ಧರಿಸುವುದು ಬಟ್ಟಲಿನ ವಕ್ರತಾ ತ್ರಿಜ್ಯದಲ್ಲಿ ಗುಂಡಿನ ತ್ರಿಜ್ಯವನ್ನು ಕಳೆದರೆ ಉಳಿಯುವ ಅಂತರ. 50 ಮಿ.ಮೀ. ತ್ರಿಜ್ಯದ ಬಟ್ಟಲು, 12 ಮಿ.ಮೀ. ವ್ಯಾಸದ ಗುಂಡು, ಮೇಲೆ ಸಪಾಟಾದ ಬಿಲ್ಲೆ ಇದ್ದರೆ ಸೆಕೆಂಡಿಗೆ ಸುಮಾರು 1.2 ತೂಗಾಟಗಳಾಗುತ್ತವೆ, ಬಿಲ್ಲೆಯ ಬದಲು ಅಂಥದೇ ಬಟ್ಟಲನ್ನು ಬೋರಲು ಹಾಕಿದರೆ ಸುಮಾರು 1.7. ಟೋನ್ ಆರ್ಮ್, ಅಂದರೆ ಮುಳ್ಳನ್ನು ಹಿಡಿದಿರುವ ತೋಳು, ತಾನಾಗಿ ಕಂಪಿಸತೊಡಗುವುದು ಸಾಮಾನ್ಯವಾಗಿ 8ರಿಂದ 12 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ ಅಷ್ಟು ತೂಗಾಟ) ಆದ್ದರಿಂದ ಎರಡೂ ಸಾಕಷ್ಟು ಕೆಳಗಿವೆ.

ಸೌಟನ್ನು ದಯವಿಟ್ಟು ಅಡುಗೆಮನೆಗೇ ಹಿಂದಿರುಗಿಸಿರಿ. ಅಚ್ಚೊತ್ತಿದ ಆ ತಗಡು ನಿಜವಾದ ಗೋಳದ ಭಾಗವಲ್ಲ, ಸಾಲದ್ದಕ್ಕೆ ಮೆದು. ಕೆಲವೇ ದಿನಗಳಲ್ಲಿ ಗುಂಡು ಅದರಲ್ಲಿ ಕುಳಿ ಮಾಡಿಕೊಂಡು ಅಲ್ಲೇ ಕುಳಿತುಬಿಡುತ್ತದೆ. ಅಲ್ಯೂಮಿನಿಯಂ ಬಟ್ಟಲಿಗೂ ಮರದ ಹಲಗೆಗೂ ಇದೇ ಗತಿ. ಪೀಣ್ಯದಂತಹ ಕಡೆ ಅಚ್ಚು ಮಾಡುವ ವರ್ಕ್‌ಶಾಪಿನಲ್ಲಿ ಬೇರಿಂಗ್‌ಗೆ ಬಳಸುವ ಇಎನ್ 31 ಎಂಬ ಉಕ್ಕಿನಿಂದ ಬಟ್ಟಲು, ಬಿಲ್ಲೆಗಳನ್ನು ಕಡೆಸಿ, ಹದಗೊಳಿಸಿ, ಕನ್ನಡಿಯಂತೆ ಪಾಲಿಶ್ ಮಾಡಿಸಿರಿ. ಹಣ ಖರ್ಚಾಗಬೇಕಾದದ್ದು ಇಲ್ಲಿ.

ಗುಂಡಿಗೆ ಸಾಮಾನ್ಯ ಕ್ರೋಮ್ ಉಕ್ಕೇ ಸಾಕು. ಕರಾವಳಿಯಲ್ಲಿದ್ದರೆ ತುಕ್ಕಿನ ಭಯಕ್ಕೆ 440ಸಿ ಸ್ಟೇನ್‌ಲೆಸ್ ತೆಗೆದುಕೊಳ್ಳಿರಿ. ಜಿ 10 ಎಂಬ ದರ್ಜೆಯ ಗುಂಡಿನಲ್ಲಿ ದುಂಡುತನದ ದೋಷ 0.25 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಮೀರದು, ಜಿ 100ರಲ್ಲಿ 2.5ರವರೆಗೆ ಇರಬಹುದು. ಸಂಖ್ಯೆ ಚಿಕ್ಕದಾದಷ್ಟೂ ಗುಂಡು ಉತ್ತಮ, ಮೂರೂ ಒಂದೇ ಪೊಟ್ಟಣದವಾಗಿರಲಿ. ಕಾರ್ಬೈಡ್ ಇನ್ನೂ ಗಟ್ಟಿ ನಿಜ, ಆದರೆ ಮೆದು ಬಟ್ಟಲನ್ನು ಅದು ಇನ್ನಷ್ಟು ಬೇಗ ಕೆಡಿಸುತ್ತದೆ.

ಜೋಡಿಸಿದ ಮೇಲೆ ಬೆರಳಿನಿಂದ ಮೆಲ್ಲನೆ ನೂಕಿ ನೋಡಿರಿ. ಪ್ಲೇಯರು ಕೆಲವು ಬಾರಿ ತೂಗಿ ಮೊದಲಿನ ಜಾಗಕ್ಕೇ ಬಂದು ನಿಲ್ಲಬೇಕು. ಬೇರೆಲ್ಲೋ ನಿಂತರೆ ಬಟ್ಟಲಿನಲ್ಲಿ ಧೂಳು ಸೇರಿರಬೇಕು, ಇಲ್ಲವೇ ಗಡುಸಾದ ಕೇಬಲ್ ಹಿಂದಿನಿಂದ ಎಳೆಯುತ್ತಿರಬೇಕು.