ಆ ಸ್ಟೇಷನ್ ಆಟಕ್ಕೆ ನಿಯಮದ ಪುಸ್ತಕ ಹುಡುಕಬೇಡಿ

ಡೊಂಬಿವಲಿಯ ಗೆಳೆಯರು ಮುಂಬೈ ಲೋಕಲ್ ರೈಲು ಸ್ಟೇಷನ್‌ಗಳ ಹೆಸರು ಹೇಳುವ ಆಟ ಆಡುತ್ತಾರೆ, ನಿಯಮ ಕೇಳಿದರೆ ದಿನಕ್ಕೊಂದು ಹೇಳುತ್ತಾರೆ, ಸರಿಯಾದ್ದು ಎಲ್ಲಿ ಸಿಗುತ್ತೆ ಅಂತ ಕೇಳಿದ್ದೀರಿ. ಎಲ್ಲೂ ಸಿಗೋದಿಲ್ಲ. ಆ ಆಟಕ್ಕೆ ನಿಜವಾದ ನಿಯಮವೇ ಇಲ್ಲ!

ಇದರ ಮೂಲ 'ಮಾರ್ನಿಂಗ್ಟನ್ ಕ್ರೆಸೆಂಟ್'. 1978ರಲ್ಲಿ ಬಿಬಿಸಿ ರೇಡಿಯೊದ ಹಾಸ್ಯ ಕಾರ್ಯಕ್ರಮವೊಂದರಲ್ಲಿ ಶುರುವಾಯಿತು. ಒಬ್ಬೊಬ್ಬರಾಗಿ ಲಂಡನ್ನಿನ ಜಾಗಗಳ, ಸ್ಟೇಷನ್‌ಗಳ ಹೆಸರು ಹೇಳಬೇಕು. ಮೊದಲು 'ಮಾರ್ನಿಂಗ್ಟನ್ ಕ್ರೆಸೆಂಟ್' ಅಂದವರು ಗೆದ್ದರು. ಅದು ನಿಜವಾದ ಸ್ಟೇಷನ್. 1992ರಲ್ಲಿ ಮುಚ್ಚಿತ್ತು, 1998ರಲ್ಲಿ ಮತ್ತೆ ತೆರೆದಾಗ ಆ ಕಾರ್ಯಕ್ರಮದ ಕಲಾವಿದರೇ ಬಂದಿದ್ದರು. ಎಷ್ಟು ಚೆಂದ ಅಲ್ವಾ?

ಮೊದಲ ಸರದಿಯಲ್ಲೇ ಗೆಲ್ಲುವ ಹೆಸರು ಹೇಳಿಬಿಡಬಹುದು. ಆದರೆ ಯಾರೂ ಹೇಳುವುದಿಲ್ಲ. ಗೆಲುವನ್ನು ಎಳೆದಾಡುವುದೇ ಆಟ.

ನೀವೂ ಧೈರ್ಯವಾಗಿ ಸೇರಿಕೊಳ್ಳಿ, ನಿಯಮ ಅಲ್ಲೇ ಹುಟ್ಟಿಸಿ. ಗೆಲ್ಲುವ ಸ್ಟೇಷನ್ ಕಾಟನ್ ಗ್ರೀನ್ ಅಂದುಕೊಳ್ಳಿ. ಯಾರಾದರೂ 'ದಾದರ್' ಅಂದರೆ ಸುಮ್ಮನಿರಬೇಡಿ. ವೆಸ್ಟರ್ನ್ ಲೈನಿನ ದಾದರೋ ಸೆಂಟ್ರಲ್ ಲೈನಿನ ದಾದರೋ ಕೇಳಿ. ಮಾಟುಂಗಾ ಅಂದವರು ಮಾಟುಂಗಾ ರೋಡಿಗೆ ಹಾರಿದರೆ ಲೈನ್ ಬದಲಾಯಿತು, ಒಂದು ಸರದಿ ಹೋಯಿತು ಅನ್ನಿ. ಪ್ರಭಾದೇವಿ ಬಂದರೆ, 2018ಕ್ಕಿಂತ ಹಿಂದಿನ ನಿಯಮದಲ್ಲಿ ಅದು ಎಲ್ಫಿನ್‌ಸ್ಟನ್ ರೋಡ್, ಈ ನಡೆ ಸಲ್ಲೋದಿಲ್ಲ ಅಂತ ವಾದಿಸಿ. ಮುಖ ಮಾತ್ರ ಗಂಭೀರವಾಗಿರಲಿ. ನೀವು ಮೊದಲು ನಕ್ಕರೆ ಮಜಾ ಅರ್ಧ ಹೋಯಿತು.

ಒಂದೇ ಕೋರಿಕೆ: ಹೊಸಬರು ಬಂದರೆ ಜಾಸ್ತಿ ಹೊತ್ತು ಗೋಳಾಡಿಸಬೇಡಿ. ಎರಡು ಸುತ್ತು ಆದ ಮೇಲೆ ಗುಟ್ಟು ಹೇಳಿಬಿಡಿ. ಆಮೇಲೆ ಅವರೇ ಹೊಸ ನಿಯಮ ಹುಟ್ಟಿಸುತ್ತಾರೆ.