ಚಾರಣ ಪ್ರಶ್ನೋತ್ತರ: ನಿಚ್ನೈ ಪಾಸ್ ದಾಟುವ ಮುನ್ನ

ಪ್ರಶ್ನೆ: ನಾವು ನಾಲ್ವರು ಸ್ನೇಹಿತರು, 38ರಿಂದ 52 ವರ್ಷದವರು. ಕುಮಾರ ಪರ್ವತವನ್ನು ಎರಡು ಸಲ, ಕುದುರೆಮುಖವನ್ನು ಒಂದು ಸಲ ಹತ್ತಿದ್ದೇವೆ. ಬರುವ ಆಗಸ್ಟ್‌ನಲ್ಲಿ ಕಾಶ್ಮೀರದ ಗ್ರೇಟ್ ಲೇಕ್ಸ್ ಚಾರಣ ಮಾಡುವ ಆಸೆಯಿದೆ. ಬೆಂಗಳೂರು ಬಿಟ್ಟು ಹಿಂದಿರುಗುವುದಕ್ಕೆ ನಮಗೆ ಸಿಗುವುದು ಒಂಬತ್ತು ದಿನ ಮಾತ್ರ. ನಮ್ಮಲ್ಲೊಬ್ಬರು ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಆಗಸ್ಟ್ ಮಳೆಗಾಲವಲ್ಲವೇ ಎಂಬ ಅನುಮಾನವೂ ಇದೆ. ಯೋಜನೆ ಹೇಗಿರಬೇಕು?
– ದಾವಣಗೆರೆಯ ಓದುಗರು

ಉತ್ತರ: ಮಳೆಯ ವಿಷಯವನ್ನು ಮೊದಲು ಮುಗಿಸುತ್ತೇನೆ. ನಮ್ಮ ಮಲೆನಾಡನ್ನು ತೋಯಿಸುವ ಮುಂಗಾರನ್ನು ಪೀರ್ ಪಂಜಾಲ್ ಶ್ರೇಣಿಯು ಬಹುಮಟ್ಟಿಗೆ ತಡೆಯುವುದರಿಂದ, ಅದರ ಆಚೆಗಿರುವ ಈ ಹಾದಿಗೆ ಜುಲೈ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗಿನ ಅವಧಿಯೇ ಸೂಕ್ತ. ಮಳೆ ಬರುವುದೇ ಇಲ್ಲವೆಂದಲ್ಲ. ಬಂದರೆ ಚಳಿಯೊಡನೆ ಬರುತ್ತದೆ. ಆದರೆ ಆಗಸ್ಟ್‌ನಲ್ಲಿ ಪಾಸ್‌ಗಳ (ಬೆಟ್ಟಸಾಲನ್ನು ದಾಟುವ ಎತ್ತರದ ಕಣಿವೆದಾರಿಗಳ) ಮೇಲಿನ ಹಿಮ ಬಹುಪಾಲು ಕರಗಿ ದಾರಿ ಕಾಣುವಂತಿರುತ್ತದೆ.

ನಿಜವಾದ ಕೊರತೆ ಇರುವುದು ನಿಮ್ಮ ಒಂಬತ್ತು ದಿನಗಳಲ್ಲಿ. ಕುಕ್ಕೆಯಿಂದ ಕುಮಾರ ಪರ್ವತದ ತುದಿಗೆ ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಏರು ಹತ್ತಿದ ಕಾಲುಗಳ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಆ ತುದಿಯ ಎತ್ತರ 1,712 ಮೀಟರ್. ನಮ್ಮ ರಾಜ್ಯದಲ್ಲಿ ಎಲ್ಲಕ್ಕಿಂತ ಎತ್ತರದ ಮುಳ್ಳಯ್ಯನಗಿರಿಯೂ 2,000 ಮೀಟರ್ ಮುಟ್ಟುವುದಿಲ್ಲ. ನೀವು ದಾಟಬೇಕಾದ ಗಡ್‌ಸರ್ ಪಾಸ್ ಸುಮಾರು 4,200 ಮೀಟರ್ ಎತ್ತರದಲ್ಲಿದ್ದು, ಅಲ್ಲಿ ಒಂದು ಉಸಿರಿಗೆ ದಕ್ಕುವ ಆಮ್ಲಜನಕವು ಸಮುದ್ರಮಟ್ಟದಲ್ಲಿ ದಕ್ಕುವುದರ ಐದನೇ ಮೂರು ಭಾಗದಷ್ಟು ಮಾತ್ರ. ಇದಕ್ಕೆ ದೇಹವನ್ನು ಊರಿನಲ್ಲಿ ಕುಳಿತು ಒಗ್ಗಿಸಿಕೊಳ್ಳುವ ಉಪಾಯವಿಲ್ಲ. ಬೆಟ್ಟದ ಮೇಲೆ ರಾತ್ರಿಗಳನ್ನು ಕಳೆದೇ ಒಗ್ಗಿಸಿಕೊಳ್ಳಬೇಕು. 3,000 ಮೀಟರ್ ದಾಟಿದ ಬಳಿಕ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು ಎಂಬುದು ವೈದ್ಯರು ಒಪ್ಪಿರುವ ಸೂತ್ರ.

ಈಗ ಹಾದಿಯನ್ನು ಈ ಕಣ್ಣಿನಿಂದ ನೋಡಿ. ಸೋನಮಾರ್ಗ್‌ನಿಂದ ನಾರಾನಾಗ್‌ವರೆಗೆ ಸುಮಾರು 70 ಕಿ.ಮೀ. ನಡಿಗೆ. ನಿಚ್ನೈ, ವಿಶನ್‌ಸರ್, ಗಡ್‌ಸರ್, ಸತ್‌ಸರ್, ಗಂಗಾಬಲ್ ಎಂಬ ಐದು ತಂಗುದಾಣಗಳು. (ಕಾಶ್ಮೀರಿಯ ‘ಸರ್’ ಎಂದರೆ ನಮ್ಮ ಸರಸ್ಸೇ, ಸತ್‌ಸರ್ ಎಂದರೆ ಏಳು ಸರೋವರಗಳು.) ಸೋನಮಾರ್ಗ್ ಸುಮಾರು 2,700 ಮೀಟರ್ ಎತ್ತರದಲ್ಲಿದ್ದರೆ ನಿಚ್ನೈ ತಂಗುದಾಣ 3,500ರ ಆಸುಪಾಸಿನಲ್ಲಿದೆ, ಎಂದರೆ ಮೊದಲ ದಿನದ ಜಿಗಿತವೇ ದೊಡ್ಡದು. ಮರುದಿನ 4,000 ಮೀಟರ್ ಮೀರಿದ ನಿಚ್ನೈ ಪಾಸ್ ದಾಟಿ ವಿಶನ್‌ಸರ್‌ಗೆ ಇಳಿದಿರೆಂದುಕೊಳ್ಳಿ. ಅಲ್ಲಿ ಒಬ್ಬರಿಗೆ ತಲೆನೋವು, ವಾಂತಿ ಶುರುವಾದರೆ ಅವರನ್ನು ಕೆಳಗಿಳಿಸಬೇಕು. ಆದರೆ ಸೋನಮಾರ್ಗ್‌ಗೆ ಹಿಂದಿರುಗಲು ಅದೇ ಪಾಸನ್ನು ಮತ್ತೆ ಹತ್ತಬೇಕಾಗುತ್ತದೆ. ಗಡ್‌ಸರ್ ಪಾಸನ್ನೂ ದಾಟಿದ ಮೇಲಂತೂ ಮುಂದೆ ನಡೆದು ನಾರಾನಾಗ್ ಸೇರುವುದೇ ಹೆಚ್ಚುಕಡಿಮೆ ಉಳಿಯುವ ದಾರಿ. ನಿಚ್ನೈ ತಂಗುದಾಣದಿಂದ ಮಾತ್ರ ಹಿಂದಿರುಗುವ ದಾರಿ ಇಳಿಜಾರಾಗಿದ್ದು, ಅರ್ಧ ದಿನದಲ್ಲಿ ಸೋನಮಾರ್ಗ್ ತಲುಪಬಹುದು.

ಅನೇಕ ತಂಡಗಳು ವಿಶ್ರಾಂತಿಯ ದಿನವನ್ನು ವಿಶನ್‌ಸರ್ ದಡದಲ್ಲಿ ಇಟ್ಟುಕೊಳ್ಳುತ್ತವೆ. ಜಾಗ ಅಷ್ಟು ಚೆಲುವಾಗಿರುವುದರಿಂದ ಅದು ಸಹಜವೂ ಹೌದು. ಆದರೆ ನಿಮ್ಮ ತಂಡಕ್ಕೆ ನನ್ನ ಸಲಹೆ ಬೇರೆ. ಬಿಡುವಿನ ದಿನಗಳನ್ನು ಮೊದಲ ಪಾಸ್‌ನ ಈಚೆಯಲ್ಲೇ ಖರ್ಚು ಮಾಡಿ: ಶ್ರೀನಗರದಲ್ಲಿ ಒಂದು ರಾತ್ರಿ, ಸೋನಮಾರ್ಗ್‌ನಲ್ಲಿ ಎರಡು (ನಡುವಿನ ಹಗಲು ಥಾಜಿವಾಸ್ ಹಿಮನದಿಯ ಕಡೆ ನಿಧಾನವಾಗಿ ನಡೆದುಬನ್ನಿ), ನಿಚ್ನೈಯಲ್ಲಿ ಎರಡು. ಎರಡನೆಯ ಸಂಜೆ ನಾಲ್ವರೂ ಕುಳಿತು, ಯಾರಿಗೆ ಊಟ ಸೇರಲಿಲ್ಲ, ಯಾರಿಗೆ ನಿದ್ರೆ ಬರಲಿಲ್ಲ, ಯಾರ ತಲೆನೋವು ಇಳಿದಿಲ್ಲ ಎಂಬುದನ್ನು ಮುಚ್ಚಿಡದೆ ಹೇಳಿಕೊಳ್ಳಿ. ಅಲ್ಲಿಂದ ಮುಂದೆ ವಿಶನ್‌ಸರ್, ಗಡ್‌ಸರ್, ಸತ್‌ಸರ್, ಗಂಗಾಬಲ್‌ಗಳಲ್ಲಿ ಒಂದೊಂದು ರಾತ್ರಿ. ಹತ್ತನೆಯ ದಿನ ನಾರಾನಾಗ್‌ಗೆ ಇಳಿದು ಸಂಜೆಗೆ ಶ್ರೀನಗರ ಸೇರಬಹುದು. ಹವೆ ಕೆಟ್ಟರೆ ಬೇಕಾಗುವ ಒಂದು ದಿನ ಮತ್ತು ವಾಪಸು ವಿಮಾನದ ದಿನ ಸೇರಿಸಿದರೆ ಒಟ್ಟು ಹನ್ನೆರಡು. ಮೂರು ದಿನ ಹೆಚ್ಚು ರಜೆ ಸಿಗದಿದ್ದರೆ, ದಯವಿಟ್ಟು ಇದನ್ನು ಒಂಬತ್ತಕ್ಕೆ ಹಿಂಡಬೇಡಿ. ನಾರಾನಾಗ್‌ನಿಂದ ಗಂಗಾಬಲ್‌ಗೆ ಹತ್ತಿ ಅದೇ ದಾರಿಯಲ್ಲಿ ಮರಳುವ ನಾಲ್ಕು ದಿನದ ಚಾರಣ ಮಾಡಿ. ಆ ದಾರಿಯಲ್ಲಿ ಎಲ್ಲಿಂದ ಬೇಕಾದರೂ ಹಿಂದಿರುಗಬಹುದು, ಮತ್ತು 5,142 ಮೀಟರ್ ಎತ್ತರದ ಹರಮುಖ್ ಶಿಖರ ಸರೋವರದ ದಡದಿಂದ ಅಷ್ಟೇ ಭವ್ಯವಾಗಿ ಕಾಣುತ್ತದೆ. ಕಾಶ್ಮೀರಿ ಪಂಡಿತರು ಯಾತ್ರೆಗೆ ಬರುವ ಸರೋವರವದು. ಸೋಪು ಹಚ್ಚಿ ಪಾತ್ರೆ ಬಟ್ಟೆ ತೊಳೆಯಲು ಅದರ ನೀರಿಗೆ ಇಳಿಯಬೇಡಿ.

ರಕ್ತದೊತ್ತಡ ಹತೋಟಿಯಲ್ಲಿದ್ದರೆ ಚಾರಣ ನಿಷಿದ್ಧವೇನಲ್ಲ. ಆದರೂ ನಿಮ್ಮ ಸ್ನೇಹಿತರು ಈಗಲೇ ತಮ್ಮ ವೈದ್ಯರಿಗೆ ಹಾದಿಯ ಎತ್ತರಗಳನ್ನು ಬರೆದು ತೋರಿಸಲಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಮೂತ್ರ ಹೆಚ್ಚಿಸುವ ಔಷಧಿ. ರಕ್ತದೊತ್ತಡದ ಕೆಲವು ಮಾತ್ರೆಗಳೂ ಅದೇ ಬಗೆಯವು. ಎರಡೂ ಜೊತೆಗೂಡಬಹುದೇ, ಸಲ್ಫಾ ಅಲರ್ಜಿ ಇದೆಯೇ ಎಂಬುದನ್ನು ಅವರೇ ನಿರ್ಧರಿಸಬೇಕು. ಸುಮ್ಮನೆ ಕುಳಿತಾಗಲೂ ಏದುಸಿರು ಬರುವುದು, ನೇರವಾಗಿ ಹೆಜ್ಜೆಯಿಡಲು ಆಗದೆ ತೂರಾಡುವುದು – ಇವೆರಡರಲ್ಲಿ ಯಾವುದು ಯಾರಲ್ಲಿ ಕಂಡರೂ, ರಾತ್ರಿಯಾಗಿದ್ದರೂ ಅವರನ್ನು ಕೆಳಗಿಳಿಸಬೇಕು. ಗೈಡ್ ಇಲ್ಲದೆ, ಸಾಮಾನು ಹೊರುವ ಕುದುರೆಯಿಲ್ಲದೆ ಹೋಗುವ ಯೋಚನೆ ಬೇಡ. ಅಸ್ವಸ್ಥರಾದವರನ್ನು ಬೇಗ ಸಾಗಿಸಲು ಅಲ್ಲಿ ಆ ಕುದುರೆಯೇ ಗತಿ. ದಾರಿಯಲ್ಲಿ ಸೇನೆಯ ತಪಾಸಣೆ ಇರುವುದರಿಂದ ಆಧಾರ್‌ನ ಅಸಲು ಪ್ರತಿ ಜೊತೆಗಿರಲಿ. ಆ ವರ್ಷ ಹಾದಿಯನ್ನು ಚಾರಣಿಗರಿಗೆ ತೆರೆದಿದ್ದಾರೆಂದು ಸ್ಥಳೀಯ ಆಡಳಿತದಿಂದ ಖಚಿತವಾದ ಮೇಲೆಯೇ ಮುಂಗಡ ಹಣ ಕೊಡಿ.

ಪ್ರಶ್ನೆ: ಇಂತಹ ಚಾರಣದಲ್ಲಿ ಅಡುಗೆ ನಾವೇ ಮಾಡಿಕೊಳ್ಳಬೇಕೆಂದಿದ್ದೇವೆ. ಏನು ಒಯ್ಯಬೇಕು?
– ಶಿರಸಿಯ ಓದುಗರು

ಉತ್ತರ: ವಿಶನ್‌ಸರ್‌ನ ಎತ್ತರದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುವುದರಿಂದ, ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಎಷ್ಟು ಹೊತ್ತಾದರೂ ಸರಿಯಾಗಿ ಬೇಯುವುದಿಲ್ಲ. ಚಿಕ್ಕ ಕುಕ್ಕರ್ ಒಯ್ಯಿರಿ, ಇಲ್ಲವೇ ಬೇಯಿಸುವ ಗೋಜಿಲ್ಲದ ತೆಳು ಅವಲಕ್ಕಿ, ಚಟ್ನಿಪುಡಿ, ಹುರಿಗಡಲೆ, ಬೆಲ್ಲ, ಹುರಿದ ರವೆಗಳನ್ನು ನೆಚ್ಚಿಕೊಳ್ಳಿ. ಎತ್ತರದಲ್ಲಿ ಹಸಿವು ಕುಗ್ಗುತ್ತದೆ. ಬಾಯಿಗೆ ರುಚಿಸುವ ಮನೆಯ ತಿನಿಸಿಗೆ ಆಗ ಬೆಲೆ ಹೆಚ್ಚು. ಗ್ಯಾಸ್ ಕ್ಯಾನಿಸ್ಟರ್ ವಿಮಾನದಲ್ಲಿ ಒಯ್ಯುವಂತಿಲ್ಲ, ಶ್ರೀನಗರದಲ್ಲೇ ಕೊಳ್ಳಬೇಕು. ತೊರೆಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಮೇಲ್ಭಾಗದಲ್ಲಿ ಅಲೆಮಾರಿ ಕುರಿಗಾಹಿಗಳಾದ ಬಕರ್ವಾಲರ ಕುರಿಮಂದೆಗಳು ಮೇಯುತ್ತಿರುತ್ತವೆ. ಕುದಿಸಿ ಅಥವಾ ಕ್ಲೋರಿನ್ ಮಾತ್ರೆ ಹಾಕಿ ಕುಡಿಯಿರಿ.

ಪ್ರಶ್ನೆ: ಇಪ್ಪತ್ತು ವರ್ಷದ ಮಗಳು ಕಾಲೇಜಿನ ಗೆಳತಿಯರೊಡನೆ ಇದೇ ಚಾರಣಕ್ಕೆ ಹೊರಟಿದ್ದಾಳೆ. ವಾರವಿಡೀ ಫೋನ್ ಸಿಗದು ಎನ್ನುತ್ತಾಳೆ. ಅಮೆರಿಕದಲ್ಲಿರುವ ನನ್ನ ತಮ್ಮ, ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಕೊಡುತ್ತೇನೆ ಎನ್ನುತ್ತಿದ್ದಾನೆ. ತರಿಸಲೇ?
– ಮೈಸೂರಿನ ಓದುಗರು

ಉತ್ತರ: ತರಿಸಬೇಡಿ, ತಾಯಿ. ಅಂತಹ ಸಾಧನಗಳನ್ನು ನಮ್ಮ ದೇಶದಲ್ಲಿ ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು ಅಪರಾಧ. ವಿಮಾನ ನಿಲ್ದಾಣದಲ್ಲೇ ವಶಕ್ಕೆ ತೆಗೆದುಕೊಂಡ ಪ್ರಸಂಗಗಳಿವೆ, ಗಡಿ ಪ್ರದೇಶದಲ್ಲಂತೂ ಕೇಳುವುದೇ ಬೇಡ. ಕರ್ನಾಟಕದ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲವಾದ್ದರಿಂದ ಅವಳಿಗೆ ಪೋಸ್ಟ್‌ಪೇಯ್ಡ್ ಸಿಮ್ ಮಾಡಿಸಿ. ಸೋನಮಾರ್ಗ್ ಬಿಟ್ಟ ಮೇಲೆ ಅದೂ ಮೌನವಾಗುತ್ತದೆ. ಆದ್ದರಿಂದ ಹೊರಡುವ ಮುನ್ನ ಮಗಳಿಂದ ಒಂದು ಹಾಳೆ ಬರೆಸಿಕೊಳ್ಳಿ: ಯಾವ ರಾತ್ರಿ ಯಾವ ತಂಗುದಾಣ, ತಂಡದ ಮುಖ್ಯಸ್ಥರ ಹೆಸರು, ಅವರ ಶ್ರೀನಗರದ ಕಚೇರಿಯ ಸಂಖ್ಯೆ, ಜೊತೆಗಿರುವ ಹುಡುಗಿಯರ ಮನೆಯ ಸಂಖ್ಯೆಗಳು, ನಾರಾನಾಗ್‌ಗೆ ಇಳಿಯುವ ತಾರೀಖು. ಆ ತಾರೀಖಿನ ಕೊನೆಯ ಇಳಿತ 1,300 ಮೀಟರಿಗೂ ಹೆಚ್ಚಿದ್ದು ಮೊಣಕಾಲಿಗೆ ಬಹಳ ಕಷ್ಟ ಕೊಡುವಂಥದ್ದು. ಮಕ್ಕಳು ರಸ್ತೆ ಸೇರುವುದು ತಡವಾಗಬಹುದು. ಮಧ್ಯಾಹ್ನದಿಂದಲೇ ಫೋನ್ ಹಿಡಿದು ಕೂರಬೇಡಿ. ರಾತ್ರಿ ಎಂಟರವರೆಗೆ ಕರೆ ಬಾರದಿದ್ದರೆ ಮೊದಲು ಶ್ರೀನಗರದ ಆ ಕಚೇರಿಗೆ, ಅಲ್ಲಿಂದ ಉತ್ತರ ಸಿಗದಿದ್ದರೆ ಉಳಿದ ತಾಯಂದಿರಿಗೆ ಫೋನ್ ಮಾಡಿ.