ಎರಡು ಗಂಟೆಯಲ್ಲಿ ಬದಲಾಗದ ಒಂಬತ್ತನೇ ಕ್ಲಾಸು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಹತ್ತಿರ ಸಲಹೆಗೆ ಬಂದವರು ಗಣಿತದ ಶಿಕ್ಷಕಿ, ಇನ್ನೂ ಚಿಕ್ಕ ವಯಸ್ಸು. ಹುಟ್ಟಿ ಬೆಳೆದದ್ದು ಮಲೆನಾಡು, ನೌಕರಿ ರಾಯಚೂರು ಜಿಲ್ಲೆಯ ಸರ್ಕಾರಿ ಹೈಸ್ಕೂಲಿನಲ್ಲಿ. ಸರಿಯಾಗಿ ನಿದ್ದೆ ಇಲ್ಲ. ಭಾನುವಾರ ಸಂಜೆಯಾದರೆ ಹೊಟ್ಟೆಯಲ್ಲಿ ಸಂಕಟ. "ನಾನು ಟೀಚರ್ ಆಗೋಕೆ ಲಾಯಕ್ಕಿಲ್ಲ ಸರ್" ಎಂದರು.

ಕೆದಕಿದಾಗ ಸಿನಿಮಾ ಹೊರಬಂತು. ಪುಂಡ ಹುಡುಗರನ್ನು ಒಬ್ಬ ಮೇಷ್ಟ್ರು ಗೆಲ್ಲುವ ಚಿತ್ರಗಳೆಂದರೆ ಇವರಿಗೆ ಪ್ರಾಣ. 1988ರ 'ಸ್ಟ್ಯಾಂಡ್ ಅಂಡ್ ಡೆಲಿವರ್' ನೋಡಿಯೇ ಬಿ.ಎಡ್. ಸೇರಿದ್ದಂತೆ. ಅದೇ ಹುರುಪಿನಲ್ಲಿ ಒಂಬತ್ತನೇ ಕ್ಲಾಸಿನಲ್ಲಿ ಒಂದು ಭಾಷಣ ಮಾಡಿದ್ದಾರೆ. ಕೊನೇ ಬೆಂಚಿನ ಹುಡುಗನೊಬ್ಬ ಎದ್ದು, "ಇದು ಯಾವ ಸಿನಿಮಾದಾಗಿನ ಡೈಲಾಗ್ ರೀ ಮೇಡಂ?" ಎಂದ. ಇಡೀ ಕ್ಲಾಸು ನಕ್ಕಿತು. ಹುಡುಗ ಚುರುಕು ಅಲ್ವಾ? ಇವರಿಗೆ ಮಾತ್ರ ಅಂದಿನಿಂದ ಆ ಕ್ಲಾಸೆಂದರೆ ಭಯ.

ಆ ಚಿತ್ರದ ಹಿಂದಿನ ನಿಜ ಸಂಗತಿ ಹೇಳಿದೆ. ಚಿತ್ರದ ಗಣಿತ ಮೇಷ್ಟ್ರಿಗೆ ಮಾದರಿಯಾದ ಹೈಮೆ ಎಸ್ಕಲಾಂಟೆ ಅಮೆರಿಕದ ಲಾಸ್ ಏಂಜಲೀಸ್‌ನ ಒಂದು ಹೈಸ್ಕೂಲಿಗೆ ಸೇರಿದ್ದು 1974ರಲ್ಲಿ. ಕ್ಯಾಲ್ಕುಲಸ್ (ಕಾಲೇಜು ಮಟ್ಟದ ಗಣಿತ) ತರಗತಿ ಶುರುವಾದದ್ದು 1978ರಲ್ಲಿ. ಮೊದಲ ಸಲ ಕೊನೆಯವರೆಗೂ ಉಳಿದವರು ಐದು ಮಂದಿ, ಪಾಸಾದವರು ಇಬ್ಬರೇ. ಚಿತ್ರಕ್ಕೆ ವಸ್ತುವಾದ 18 ಜನ ಪಾಸಾದದ್ದು 1982ರಲ್ಲಿ. ಬೆನ್ನಿಗೆ ನಿಂತ ಪ್ರಾಂಶುಪಾಲರೂ ಇದ್ದರು. ಸಿನಿಮಾಕ್ಕೆ ಇಷ್ಟೆಲ್ಲ ತೋರಿಸಲು ಪುರುಸೊತ್ತಿಲ್ಲ. ನೋಡಿದವರು ಅದೇ ಅಳತೆಯಲ್ಲಿ ತಮ್ಮನ್ನು ಅಳೆದುಕೊಂಡರೆ ಸೋಲು ಗ್ಯಾರಂಟಿ.

ಆಮೇಲೆ ಆ ಹುಡುಗನ ಹಾಜರಿ ಕೇಳಿದೆ. ದೀಪಾವಳಿ ಆದಮೇಲೆ ವಾರಕ್ಕೆ ಎರಡು ದಿನ ಬಂದರೆ ಜಾಸ್ತಿ. ಅದು ಹತ್ತಿ ಬಿಡಿಸುವ ಕಾಲ, ಕೂಲಿ ಕಿಲೋ ಲೆಕ್ಕ. ಮನೆಯವರು ಗುಳೆ ಹೋಗಿದ್ದಾರಾ, ಅವನು ಯಾರ ಜೊತೆ ಇದ್ದಾನೆ, ಇವರಿಗೆ ಗೊತ್ತಿರಲಿಲ್ಲ. ಅವನ ಉಡಾಫೆಗೂ ತಪ್ಪಿಹೋದ ಪಾಠಗಳಿಗೂ ನಂಟಿದೆ ಎಂದು ನನ್ನ ಗುಮಾನಿ. ಭಿನ್ನರಾಶಿ ಬರದ ಹುಡುಗನಿಗೆ ಬೀಜಗಣಿತದ ಪೀರಿಯಡ್‌ನಲ್ಲಿ ನಗಿಸುವುದೊಂದೇ ಮರ್ಯಾದೆಯ ದಾರಿ.

ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ಸದ್ಯಕ್ಕೆ ಭಾಷಣ ಬೇಡ. ಅವನು ಬಂದ ದಿನ "ಇಷ್ಟು ದಿನ ಎಲ್ಲಿದ್ದೆ?" ಎಂದು ಎಲ್ಲರೆದುರು ಕೇಳುವುದು ಬೇಡ. ತಪ್ಪಿದ್ದರಲ್ಲಿ ಒಂದೇ ಲೆಕ್ಕ ಹೇಳಿಕೊಡಿ, ಅದೂ ಕ್ಲಾಸು ಮುಗಿದ ಮೇಲೆ. ಮುಂದಿನ ಸಲ ತಮಾಷೆ ಮಾಡಿದರೆ ನೀವೂ ನಕ್ಕುಬಿಡಿ. ಹಾಜರಿಯ ವಿಷಯ ಒಬ್ಬರೇ ಹೊರಬೇಡಿ, ಹೆಡ್‌ಮಾಸ್ತರರಿಗೂ ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯವರಿಗೂ ತಿಳಿಸಿ.

"ಅಷ್ಟು ಸಾಕಾ?" ಎಂದರು. ಈ ವರ್ಷಕ್ಕೆ ಸಾಕು ಎಂದೆ. ನಿದ್ದೆ ಹೀಗೇ ಕೆಟ್ಟರೆ ವೈದ್ಯರನ್ನು ನೋಡಲೇಬೇಕು. ರಾತ್ರಿ ತೀರಾ ಕಷ್ಟವಾದರೆ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಬರೆದುಕೊಟ್ಟೆ.